ಲೆನಾರ್ಡ್ ನಿಮೊಯ್ ತೀರಿಕೊಂಡಾಗ ಜನ ಅಷ್ಟೊಂದು ಯಾಕೆ ಅತ್ತರು?

ನೀವು ಬಾಹ್ಯಾಕಾಶದ ಕಥೆಯ ಹಳೆಯ ಟಿವಿ ಧಾರಾವಾಹಿ ಸ್ಟಾರ್ ಟ್ರೆಕ್ ಈಗಷ್ಟೇ ನೋಡಲು ಶುರು ಮಾಡಿದ್ದೀರಿ. ಅದರಲ್ಲಿ ನಿಮೊಯ್ ಮಾಡಿದ ಸ್ಪಾಕ್ ಪಾತ್ರ ಇಷ್ಟವಾಗಿದೆ. ಪಾತ್ರ ಹೇಗೂ ಉಳಿದಿದೆ, ಮತ್ತೆ ಆ ನಟ ಸತ್ತಾಗ ಗುರುತು ಪರಿಚಯ ಇಲ್ಲದವರೆಲ್ಲ ಯಾಕೆ ಮನೆಯವರನ್ನೇ ಕಳೆದುಕೊಂಡ ಹಾಗೆ ಸಂಕಟಪಟ್ಟರು ಅಂತ ಕೇಳಿದ್ದೀರಿ. ಹಾಗೆ ಅತ್ತವರಲ್ಲಿ ನಾನೂ ಒಬ್ಬಳು. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

2015ರ ಫೆಬ್ರವರಿ 27ರಂದು ಅವರು ಹೋದರು. 83 ವರ್ಷ ವಯಸ್ಸಾಗಿತ್ತು. ಆ ಸುದ್ದಿ ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ಎದ್ದು 1982ರ ಎರಡನೇ ಸ್ಟಾರ್ ಟ್ರೆಕ್ ಸಿನಿಮಾ ಹಾಕಿಕೊಂಡು ಕೂತೆ. (ಮುಂದಿನ ಪ್ಯಾರಾದಲ್ಲಿ ಅದರ ಕೊನೆ ಹೇಳಿಬಿಡುತ್ತೇನೆ. ನೋಡಿಲ್ಲದಿದ್ದರೆ ಬಿಟ್ಟು ಮುಂದೆ ಹೋಗಿ.)

ತಮ್ಮ ಬಾಹ್ಯಾಕಾಶ ಹಡಗನ್ನು ಉಳಿಸಲು ಸ್ಪಾಕ್ ವಿಕಿರಣ ತುಂಬಿದ ಕೋಣೆಯೊಳಗೆ ಹೋಗಿರುತ್ತಾನೆ. ಗಾಜಿನ ಆಚೆ ಗೆಳೆಯ ಕರ್ಕ್ ಬಂದು ಕರೆಯುತ್ತಾನೆ. ಸ್ಪಾಕ್ ಕಷ್ಟಪಟ್ಟು ಏಳುತ್ತಾನೆ. ಎದ್ದವನು ಮೊದಲು ಮಾಡುವ ಕೆಲಸ ಏನು ಗೊತ್ತಾ? ಮುದುಡಿದ ಸಮವಸ್ತ್ರವನ್ನು ಕೆಳಕ್ಕೆ ಎಳೆದು ಸರಿಮಾಡಿಕೊಳ್ಳುತ್ತಾನೆ. ಆಮೇಲೆ ತಿರುಗಿ ನಡೆದು ಬಂದು ಗಾಜಿಗೆ ಡಿಕ್ಕಿ ಹೊಡೆಯುತ್ತಾನೆ. ಅವನಿಗೆ ಕಣ್ಣು ಕಾಣುತ್ತಿಲ್ಲ ಅಂತ ನಮಗೆ ಆಗಲೇ ಗೊತ್ತಾಗುವುದು. ಸಾಯುವ ಹೊತ್ತಿನಲ್ಲೂ ಅಂಗಿ ಸರಿಮಾಡಿಕೊಳ್ಳುವ ಆ ಎರಡು ಸೆಕೆಂಡ್ ನೋಡಿ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಳು ಬಂದಿದ್ದು ಸ್ಪಾಕ್‌ಗೋ ನಿಮೊಯ್ ಅವರಿಗೋ ಆಗ ತಿಳಿಯಲಿಲ್ಲ. ಈಗ ಗೊತ್ತು, ನಿಮೊಯ್ ಅವರಿಗೇ.

ಯಾಕೆಂದರೆ ಸ್ಪಾಕ್‌ನಲ್ಲಿ ನಾವು ಮೆಚ್ಚುವ ಎಷ್ಟೋ ಸಂಗತಿ ಸ್ಕ್ರಿಪ್ಟಿನಲ್ಲಿ ಇರಲೇ ಇಲ್ಲ. ನಿಮೊಯ್ ತಮ್ಮ ಬದುಕಿನಿಂದ ತಂದು ಹಾಕಿದ್ದು.

ಬೆರಳುಗಳನ್ನು ಎರಡೆರಡಾಗಿ ಬಿಡಿಸಿ ತೋರಿಸುವ ಆ ವಂದನೆಯನ್ನೇ ನೋಡಿ. ನಿಮೊಯ್ ಹುಟ್ಟಿದ್ದು ಬಾಸ್ಟನ್‌ನಲ್ಲಿ, 1931ರಲ್ಲಿ. ಅಪ್ಪ ಅಮ್ಮ ಉಕ್ರೇನ್ ಕಡೆಯಿಂದ ವಲಸೆ ಬಂದ ಯಹೂದಿಗಳು. ಅಪ್ಪನದು ಕ್ಷೌರದ ಕೆಲಸ. ಒಮ್ಮೆ ಮನೆಯವರ ಜೊತೆ ಹುಡುಗ ಪ್ರಾರ್ಥನಾ ಮಂದಿರಕ್ಕೆ ಹೋಗಿದ್ದ. ಪುರೋಹಿತ ವಂಶದವರು ತಲೆ ಮೇಲೆ ಶಾಲು ಹೊದ್ದು, ಕೈ ಚಾಚಿ, ಎಲ್ಲರನ್ನೂ ಹರಸುವ ಗಳಿಗೆ ಅದು. ಆಗ ಯಾರೂ ನೋಡಬಾರದು ಅನ್ನುವುದು ನಿಯಮ. ನೋಡಬೇಡ ಅಂತ ಅಪ್ಪ ಹೇಳಿದ್ದರು. ಹುಡುಗ ಕದ್ದು ನೋಡಿಯೇ ಬಿಟ್ಟ! ಕಂಡಿದ್ದು ಆ ಬೆರಳುಗಳು. ಹೀಬ್ರೂವಿನ ‘ಶಿನ್’ ಅಕ್ಷರದ ಆಕಾರ. ದೇವರ ಹೆಸರೊಂದು ಶುರುವಾಗುವುದು ಆ ಅಕ್ಷರದಿಂದಲೇ. ಮನೆಗೆ ಬಂದು ತಾನೂ ಹಾಗೆ ಬೆರಳು ಬಿಡಿಸಲು ಕಲಿತ. ಎಷ್ಟೋ ವರ್ಷಗಳ ಮೇಲೆ, 1967ರಲ್ಲಿ, ಸ್ಪಾಕ್ ತನ್ನ ಸ್ವಂತ ಗ್ರಹಕ್ಕೆ ಹೋಗುವ ಕಂತಿನ ಶೂಟಿಂಗ್. ಮನುಷ್ಯರು ಕೈ ಕುಲುಕುವ ಹಾಗೆ ಆ ಗ್ರಹದ ಜನರಾದ ವಲ್ಕನ್ನರಿಗೂ ಒಂದು ವಂದನೆ ಬೇಕಲ್ವಾ ಅಂತ ನಿಮೊಯ್ ಕೇಳಿದರು. ಕೈ ಎತ್ತಿ ತೋರಿಸಿದರು.

ನಾನು ಮೊದಮೊದಲು ಎಡಗೈಯಿಂದ ಬಲಗೈಯ ಉಂಗುರದ ಬೆರಳನ್ನು ಒತ್ತಿ ಹಿಡಿದು ಅಭ್ಯಾಸ ಮಾಡುತ್ತಿದ್ದೆ. ಬಿಟ್ಟ ತಕ್ಷಣ ಮತ್ತೆ ಕೂಡಿಕೊಳ್ಳುತ್ತಿತ್ತು. ಸುಮ್ನೆ ಒಂದು ಚಂದದ ಸನ್ನೆ ಅಂದುಕೊಂಡಿದ್ದೆ. ಅದು ಒಂದು ಆಶೀರ್ವಾದ ಅಂತ ತಿಳಿದ ಮೇಲೆ ಯಾರಿಗಾದರೂ ಕೈ ಎತ್ತುವಾಗ ಮನಸ್ಸಿನಲ್ಲೂ ಒಳ್ಳೆಯದಾಗಲಿ ಅಂದುಕೊಳ್ಳುತ್ತೇನೆ.

ಭುಜ ಹಿಸುಕಿ ಎದುರಾಳಿಯನ್ನು ಬೀಳಿಸುವುದೂ ಅವರದೇ ಐಡಿಯಾ. ಬರೆದಿದ್ದ ಪ್ರಕಾರ ಸ್ಪಾಕ್ ಬಂದೂಕಿನ ಹಿಡಿಯಿಂದ ತಲೆಗೆ ಹೊಡೆಯಬೇಕಿತ್ತು. ಇವನು ಹಾಗೆ ಹೊಡೆಯುವವನಲ್ಲ ಅಂತ ನಿಮೊಯ್‌ಗೆ ಅನಿಸಿತು. ಎಲ್ಲವೂ ಅವರೇ ಮಾಡಿದ್ದು ಅಂತಲ್ಲ. ಎಲ್ಲರೂ ಗಾಬರಿಯಾದಾಗ ಸ್ಪಾಕ್ ಒಬ್ಬನೇ ತಣ್ಣಗೆ ‘ಫ್ಯಾಸಿನೇಟಿಂಗ್’ ಅನ್ನುತ್ತಾನಲ್ಲ, ಮೊದಲು ಆ ಮಾತನ್ನು ಜೋರಾಗಿಯೇ ಹೇಳಿದ್ದರಂತೆ. ವಿಜ್ಞಾನಿಯ ಕುತೂಹಲದಿಂದ ಹೇಳಿ ಅಂತ ತಿದ್ದಿದವರು ನಿರ್ದೇಶಕ ಜೋಸೆಫ್ ಸಾರ್ಜೆಂಟ್. ಆ ಒಂದು ಪದದಲ್ಲೇ ಪಾತ್ರ ಸಿಕ್ಕಿತು ಅಂತ ನಿಮೊಯ್ ನೆನೆಸಿಕೊಳ್ಳುತ್ತಿದ್ದರು.

ಆದರೆ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಜಾಸ್ತಿ ನಾಟಿದ್ದು ಒಂದು ಕಾಗದ. 1968ರಲ್ಲಿ ಒಬ್ಬ ಹುಡುಗಿ ಸ್ಪಾಕ್‌ಗೆ ಅಂತಲೇ ಒಂದು ಪತ್ರಿಕೆಗೆ ಬರೆದಿದ್ದಳು. ತಾಯಿ ಕಪ್ಪು ಜನಾಂಗದವಳು, ತಂದೆ ಬಿಳಿಯ. ಆ ಕಡೆಯ ಮಕ್ಕಳೂ ಸೇರಿಸಲ್ಲ, ಈ ಕಡೆಯವರೂ ಸೇರಿಸಲ್ಲ. ಸ್ಪಾಕ್ ಕೂಡ ಅರ್ಧ ವಲ್ಕನ್, ಅರ್ಧ ಮನುಷ್ಯ. ಹಾಗಾಗಿ ಅವನಿಗೆ ತನ್ನ ಸಂಕಟ ಅರ್ಥವಾಗುತ್ತದೆ ಅಂತ ಅವಳ ನಂಬಿಕೆ. ನಿಮೊಯ್ ಅದೇ ಪತ್ರಿಕೆಯಲ್ಲಿ ಉದ್ದವಾಗಿ ಉತ್ತರ ಬರೆದರು. ಚಿಕ್ಕ ಸ್ಪಾಕ್‌ನನ್ನೂ ಉಳಿದ ಮಕ್ಕಳು ದೂರ ಇಟ್ಟಿದ್ದರು, ಅವರ ಮೆಚ್ಚುಗೆಗಾಗಿ ಅವನು ತನ್ನತನ ಬಿಟ್ಟುಕೊಡಲಿಲ್ಲ, ತನ್ನ ಶಕ್ತಿಯನ್ನು ನಂಬಿ ಬೆಳೆದ ಅಂತ ಅವಳಿಗೆ ಬಿಡಿಸಿ ಹೇಳಿದರು. ಶೂಟಿಂಗ್ ಮುಗಿಸಿ ಸ್ಪಾಕ್‌ನ ಚೂಪು ಕಿವಿ ಕಳಚಿಟ್ಟ ಮೇಲೂ ಒಂದು ಮಗುವಿಗಾಗಿ ಮತ್ತೆ ಸ್ಪಾಕ್ ಆದ ಮನುಷ್ಯ ಅವರು. ಇದನ್ನು ಯಾವ ನಿರ್ದೇಶಕರೂ ಮಾಡಿಸಿದ್ದಲ್ಲ.

ಅವರನ್ನು ತೆಗೆದುಕೊಂಡು ಹೋಗಿದ್ದು ಸಿಒಪಿಡಿ ಅನ್ನುವ ಶ್ವಾಸಕೋಶದ ಕಾಯಿಲೆ. ಸಿಗರೇಟು ಬಿಟ್ಟು 30 ವರ್ಷವಾಗಿತ್ತು. ಆದರೂ ತಡವಾಗಿ ಬಿಟ್ಟೆ, ನೀವು ಈಗಲೇ ಬಿಡಿ ಅಂತ 2014ರಲ್ಲಿ ಟ್ವಿಟರ್‌ನಲ್ಲಿ ಎಲ್ಲರಿಗೂ ಅಜ್ಜನ ಹಾಗೆ ಹೇಳಿದ್ದರು. ಸಾಯುವ ಕೆಲವೇ ದಿನ ಮುಂಚೆ ಹಾಕಿದ ಕೊನೆಯ ಮಾತಿನಲ್ಲಿ ಬದುಕನ್ನು ತೋಟಕ್ಕೆ ಹೋಲಿಸಿದ್ದರು. ಒಳ್ಳೆಯ ಗಳಿಗೆಗಳು ಸಿಗುತ್ತವೆ, ಆದರೆ ನೆನಪಿನಲ್ಲಿ ಬಿಟ್ಟು ಬೇರೆಲ್ಲೂ ಉಳಿಯುವುದಿಲ್ಲ ಅಂತ. ಅದನ್ನು ಆಗ ಸುಮ್ಮನೆ ಓದಿ ಮುಂದೆ ಹೋಗಿದ್ದೆ.

ಅವರು ಹೋದ ಮರುದಿನ ಗಗನಯಾತ್ರಿ ಟೆರ್ರಿ ವರ್ಟ್ಸ್ ಬಾಹ್ಯಾಕಾಶ ನಿಲ್ದಾಣದಿಂದ ಒಂದು ಫೋಟೊ ಹಾಕಿದರು. ಕಿಟಕಿಗೆ ಎತ್ತಿ ಹಿಡಿದ ಕೈ, ಎರಡೆರಡಾಗಿ ಬಿಡಿಸಿದ ಬೆರಳು, ಆಚೆ ಭೂಮಿ. ಆಗ ನಿಲ್ದಾಣ ಹಾದುಹೋಗುತ್ತಿದ್ದುದು ಬಾಸ್ಟನ್ ಮೇಲೆ. ಅಪ್ಪ ಬೇಡ ಅಂದರೂ ಹುಡುಗ ಕದ್ದು ನೋಡಿದ್ದು ಅದೇ ಊರಿನಲ್ಲಿ.

ನೀವು ಈಗಷ್ಟೇ ಶುರು ಮಾಡಿದ್ದೀರಿ ಅಂದರೆ ಆ ವಂದನೆ ನಿಮಗಿನ್ನೂ ಸಿಕ್ಕಿರಲಿಕ್ಕಿಲ್ಲ. ಎರಡನೇ ಸೀಸನ್ನಿನ ಮೊದಲ ಕಂತಿನಲ್ಲಿ ಬರುತ್ತದೆ. ಆ ಕಂತನ್ನು ಮೊಬೈಲ್ ಪಕ್ಕಕ್ಕಿಟ್ಟು ನೋಡಿ, ಕೈ ಮೇಲೆ ಕಣ್ಣಿಡಿ. ನೋಡಿದ ಮೇಲೆ ನನಗೂ ತಿಳಿಸಿ.