ಅತ್ತೆಗೆ ಗೊತ್ತಿದ್ದದ್ದನ್ನು ಕಲಿಯೋಕೆ ಫೀಸು ಕಟ್ಟಬೇಕಾ?

ಪ್ರಶ್ನೆ: ಮಗಳು ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಇಂಜಿನಿಯರಿಂಗ್ ಬೇಡವಂತೆ, ‘ಸುಸ್ಥಿರ ಬದುಕು’ ಓದುತ್ತಾಳಂತೆ. ನಮ್ಮತ್ತೆ ಮುಸುರೆ ನೀರನ್ನು ಎಮ್ಮೆಗಿಟ್ಟು, ಹಳೇ ಸೀರೆಯಲ್ಲಿ ಕೌದಿ ಹೊಲಿದು ಬದುಕಿದವರು. ಯಾವ ಯೂನಿವರ್ಸಿಟಿಗೂ ಹೋಗಿರಲಿಲ್ಲ. ಇದಕ್ಕೆಲ್ಲ ಡಿಗ್ರಿ ಬೇಕಾ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ನಿಮ್ಮ ಅತ್ತೆಯವರಿಗೆ ಕೈ ಮುಗಿದೇ ಶುರು ಮಾಡುತ್ತೇನೆ. ಆದರೆ ಅವರು ಹೊಗೆಯಲ್ಲಿ ಕಣ್ಣೊರೆಸಿಕೊಂಡು, ಕೆಮ್ಮುತ್ತಾ, ಎಷ್ಟು ವರ್ಷ ಒಲೆ ಮುಂದೆ ಕೂತಿದ್ದರು? ಅದೂ ಅದೇ ಬದುಕಿನ ಭಾಗ ಅಲ್ವಾ?

ಡಿಗ್ರಿ ಯಾಕೆ ಅನ್ನೋದಕ್ಕೆ ಉತ್ತರ ಈ ಒಲೆಯಲ್ಲೇ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ‘ಅಸ್ತ್ರ’ ಅನ್ನುವ ಕೇಂದ್ರ ಕಟ್ಟಿದರು. ಅವರು ಓದಿದ್ದು ಕೆಮಿಸ್ಟ್ರಿ, ಕೈ ಹಾಕಿದ್ದು ಹಳ್ಳಿಯ ಕಷ್ಟಕ್ಕೆ. ಕುಣಿಗಲ್ ತಾಲ್ಲೂಕಿನ ಉಂಗ್ರದ ಕಡೆ ಅವರ ತಂಡ ಮನೆಮನೆಗೆ ಹೋಗಿ ಸೌದೆ ಎಷ್ಟು ಉರಿಯುತ್ತೆ, ಯಾರು ಹೊತ್ತು ತರುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತೆ ಅಂತ ಲೆಕ್ಕ ಹಾಕಿತು. ಆಮೇಲೆ ಬಂದದ್ದೇ ಅಸ್ತ್ರ ಒಲೆ: ಬೂದಿ ಉದುರಲು ಜಾಲರಿ, ಹೊಗೆ ಹೋಗಲು ಚಿಮಣಿ, ಒಂದೇ ಉರಿಗೆ ಮೂರು ಪಾತ್ರೆ. ನಮ್ಮ ಮನೆಗೂ ಬಂದಿತ್ತು. ಅಮ್ಮ ಮೊದಲ ವಾರ ಬೈದಿದ್ದೇ ಬೈದಿದ್ದು, ಯಾಕೆಂದರೆ ದಪ್ಪ ಕೊರಡು ಬಾಯೊಳಗೆ ಹೋಗುತ್ತಿರಲಿಲ್ಲ, ಸಣ್ಣಗೆ ಸೀಳಬೇಕು, ಸೀಳೋ ಕೆಲಸ ನನ್ನ ಪಾಲಿಗೆ. ಅಡುಗೆಮನೆ ಗೋಡೆ ಕಪ್ಪಾಗೋದು ನಿಂತ ಮೇಲೆ ಬೈಗುಳವೂ ನಿಂತಿತು. ಚಿಮಣಿಯ ಮಸಿ ತೆಗೆಯುವ ದಿನ ಮಾತ್ರ ಮತ್ತೆ ಶುರು!

ಅಜ್ಜಿಯರ ತಿಳಿವಳಿಕೆಗೆ ತಕ್ಕಡಿ ಮತ್ತು ಥರ್ಮಾಮೀಟರ್ ಸೇರಿದರೆ ಆಗೋದು ಇದು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ, ಒತ್ತಿ, ಸುಡದೇ ಇಟ್ಟಿಗೆ ಮಾಡುವ ಕೆಲಸವನ್ನೂ ಅದೇ ಕೇಂದ್ರ ಬೆಳೆಸಿತು. ಈಗ ಅದರ ಹೆಸರಲ್ಲೇ ‘ಸುಸ್ಥಿರ ತಂತ್ರಜ್ಞಾನ’ ಇದೆ. ಆದರೆ ಪಿಯುಸಿ ಮುಗಿಸಿದ ಕೂಡಲೇ ಹೋಗುವ ಜಾಗ ಅಲ್ಲ.

ಮಗಳಿಗೆ ಈಗಲೇ ಆಗುವಂಥದ್ದು ನಿಮ್ಮಿಂದ ಬಹಳ ದೂರ ಇಲ್ಲದ ಶಿರಸಿಯಲ್ಲೇ ಇದೆ. ಧಾರವಾಡ ಕೃಷಿ ವಿವಿಯ ಅರಣ್ಯ ಕಾಲೇಜು, 1985ರಿಂದ ನಡೆಯುತ್ತಿದೆ. ನಾಲ್ಕು ವರ್ಷದ ಬಿಎಸ್ಸಿ, ಸೀಟು ಸಿಇಟಿ ಮೂಲಕ. ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಹುದ್ದೆಗಳಲ್ಲಿ ಫಾರೆಸ್ಟ್ರಿ ಓದಿದವರಿಗೆ ಪಾಲು ಇದೆ, ಆದರೆ ಆ ಪಾಲು ಎಷ್ಟಿರಬೇಕು ಅಂತ ವಿದ್ಯಾರ್ಥಿಗಳು ಮುಷ್ಕರವನ್ನೇ ಮಾಡಿದ್ದಾರೆ, ಹಾಗಾಗಿ ಕೆಲಸ ಗ್ಯಾರಂಟಿ ಅಂದುಕೊಳ್ಳಬೇಡಿ. ‘ಸಸ್ಟೈನಬಲ್’ ಅಂತ ಹೆಸರಿಟ್ಟುಕೊಂಡ ದುಬಾರಿ ಕೋರ್ಸುಗಳು ಈಗ ಜಾಸ್ತಿ. ಸೇರಿಸೋ ಮುಂಚೆ ಒಂದೇ ಮಾತು ಕೇಳಿ: ಮಕ್ಕಳನ್ನು ಎಷ್ಟು ದಿನ ಹೊಲಕ್ಕೆ, ಕಾಡಿಗೆ, ಕಸದ ಘಟಕಕ್ಕೆ ಕರೆದೊಯ್ಯುತ್ತೀರಿ? ಉತ್ತರಕ್ಕೆ ಬದಲು ಬಣ್ಣದ ಬ್ರೋಷರ್ ಕೈಗಿಟ್ಟರೆ ಎದ್ದು ಬನ್ನಿ.

ಪ್ರಶ್ನೆ: ಬಿಕಾಂ ಓದುತ್ತಿದ್ದೇನೆ. ಪರಿಸರ ಅಧ್ಯಯನದ ಪೇಪರನ್ನು ಗೈಡ್ ಓದಿ, ಹಿಂದಿನ ರಾತ್ರಿ ಮುಗಿಸಿ ಪಾಸಾದೆ. ಸುಮ್ನೆ ಯಾಕೆ ಇಟ್ಟಿದ್ದಾರೆ?
– ವಿದ್ಯಾರ್ಥಿ, ಮೈಸೂರು

ಉತ್ತರ: ಇಟ್ಟದ್ದು ಸುಮ್ನೆ ಅಲ್ಲ. ಪರಿಸರಕ್ಕಾಗಿ ಹೋರಾಡಿದ ವಕೀಲ ಎಂ.ಸಿ. ಮೆಹ್ತಾ ಹೂಡಿದ ಕೇಸಿನಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಪರಿಸರ ಪಾಠ ಕಡ್ಡಾಯ ಆಗಬೇಕು ಅಂದಿತು. ಆಮೇಲೆ ಯುಜಿಸಿ ಎಲ್ಲ ಡಿಗ್ರಿಗಳಿಗೂ ಆರು ತಿಂಗಳ ಸಿಲಬಸ್ ಮಾಡಿತು. ಅದರಲ್ಲಿ ಹೊರಗೆ ಹೋಗಿ ನೋಡಿ ಬರೆಯುವ ಫೀಲ್ಡ್ ವರ್ಕೂ ಇತ್ತು. ಎಷ್ಟೋ ಕಾಲೇಜುಗಳಲ್ಲಿ ಅದು ಸೀನಿಯರ್‌ಗಳ ರೆಕಾರ್ಡ್ ನೋಡಿ ಕಾಪಿ ಹೊಡೆಯುವ ಕೆಲಸವಾಯಿತು.

ಬಿಕಾಂ ಅಲ್ವಾ, ಲೆಕ್ಕ ಬರುತ್ತೆ. ಹಾಸ್ಟೆಲ್ ಮೆಸ್‌ನಲ್ಲಿ ಒಂದು ವಾರ ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ಬಕೆಟ್‌ಗೆ ಹಾಕಿ ತೂಗಿ, ಅಕ್ಕಿಯ ದರ ಹಾಕಿ, ಆ ಚೀಟಿಯನ್ನು ಕೈ ತೊಳೆಯುವ ಜಾಗದಲ್ಲಿ ಅಂಟಿಸಿ. ವಾರ್ಡನ್ ಕಿತ್ತು ಹಾಕಿದರೆ ನನಗೊಂದು ಕಾಪಿ ಕಳಿಸಿ.