‘ಲಾಫಿಂಗ್ ಸ್ಟಾಕ್’ ಎಲ್‌ಪಿಯ ಸುಂಯ್ ಸದ್ದು

ತೀರ್ಥಹಳ್ಳಿಯ ಮಳೆಯಲ್ಲಿ ಇಂಗ್ಲಿಷ್ ಬ್ಯಾಂಡ್ ಟಾಕ್ ಟಾಕ್‌ನ ಕೊನೆಯ ಆಲ್ಬಂ ‘ಲಾಫಿಂಗ್ ಸ್ಟಾಕ್’ನ (1991) ಎಲ್‌ಪಿ, ಅಂದರೆ ಗ್ರಾಮಫೋನ್ ತಟ್ಟೆ, ಹಾಕಿದ ಕೂಡಲೇ ಸುಂಯ್ ಅನ್ನುತ್ತೆ, ಆಮೇಲೆ ಟಿಕ್ ಟಿಕ್. ಬೂಸ್ಟು ಹಿಡಿದಿದೆಯಾ ಅಂತ ಕೇಳಿದ್ದೀರಿ. ಎರಡೂ ಬೇರೆ. ಮೊದಲ ಹಾಡಿನ ಆರಂಭದ ಸುಂಯ್ ಆಂಪ್ಲಿಫೈಯರಿನದು, ಬೇಕೆಂದೇ ಉಳಿಸಿದ್ದು. ಸಿಡಿಯಲ್ಲೂ ಇದೆ. ಎಷ್ಟು ಒರೆಸಿದರೂ ಹೋಗಲ್ಲ!

ಟಿಕ್ ಸದ್ದನ್ನು ಗಡಿಯಾರ ಹಿಡಿದು ನೋಡಿ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್. ಸರಿಯಾಗಿ ಅಷ್ಟಕ್ಕೊಮ್ಮೆ ಬಂದರೆ ಗೀರು, ಇಲ್ಲವೇ ಒಂದೇ ಕಡೆ ಕೂತ ಕೊಳೆ. ಲೆಕ್ಕವಿಲ್ಲದೆ ಚಟಪಟ ಅಂದರೆ ಬೂಸ್ಟೋ ಧೂಳೋ ಇರಬೇಕು.

ಒರೆಸಲು ಈ ದ್ರಾವಣ ಮಾಡಿಕೊಳ್ಳಿ: 300 ಮಿಲಿ ಡಿಸ್ಟಿಲ್ಡ್ ವಾಟರ್, 100 ಮಿಲಿ ಐಸೊಪ್ರೊಪೈಲ್ ಆಲ್ಕೊಹಾಲ್, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಮೈಕ್ರೋಫೈಬರ್ ಬಟ್ಟೆಯಲ್ಲಿ ಗೆರೆಗುಂಟ ಸುತ್ತಾಗಿ ಒರೆಸಿ, ಅಡ್ಡ ಉಜ್ಜಬೇಡಿ, ಲೇಬಲ್ ನೆನೆಯಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ. ಬಿಟ್ಟರೆ ಸೋಪು ಗೆರೆಯೊಳಗೇ ಒಣಗಿ ಸದ್ದು ಹೆಚ್ಚುತ್ತೆ. ಬಾವಿ ನೀರು ಬೇಡ. ಮನೆಯಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಅರಗಿನ ತಟ್ಟೆಗಳಿದ್ದರೆ ಈ ದ್ರಾವಣ ಮುಟ್ಟಿಸಲೇಬೇಡಿ, ಅವುಗಳ ಅರಗು ಆಲ್ಕೊಹಾಲಿಗೆ ಕರಗುತ್ತೆ.

ಕಾಗದದ ಒಳಕವರ್ ಎಸೆಯಿರಿ, ಬೂಸ್ಟು ಮತ್ತೆ ಅಂಟುವುದು ಅಲ್ಲಿಂದಲೇ. ಒಲೆ ಮೇಲಿನ ಅಟ್ಟ ಒಣ ಜಾಗ ನಿಜ, ಆದರೆ ಬಿಸಿಗೆ ಎಲ್‌ಪಿ ಡೊಂಕಾಗುತ್ತೆ. ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಗೋಡೆಗೆ ತಾಗದ ಹಾಗೆ.