ಅಪ್ಪನ ನಡಿಗೆ ಸುಧಾರಿಸಿತು, ಲೆಕ್ಕ ಯಾಕೆ ತಪ್ಪುತ್ತಿದೆ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ನಾಲ್ಕು ತಿಂಗಳ ಹಿಂದೆ ಕಿರುಮೆದುಳಿನ ಬಲಭಾಗದಲ್ಲಿ, ಹಿಂದುಗಡೆ ಸ್ಟ್ರೋಕ್ ಆಯಿತು. ಈಗ ತೂರಾಡದೆ ನಡೆಯುತ್ತಾರೆ. ಆದರೆ ಅಂಗಡಿ ಲೆಕ್ಕ ಗೊಂದಲ, ಮಾತಿನ ನಡುವೆ ಪದ ಸಿಗುವುದಿಲ್ಲ, ನೆಂಟರ ಮುಂದೆ ಏನಾದರೂ ಅಂದುಬಿಡುತ್ತಾರೆ. ಕಿರುಮೆದುಳಿನ ಕೆಲಸ ಬ್ಯಾಲೆನ್ಸ್ ಮಾತ್ರ, ಇದೆಲ್ಲ ವಯಸ್ಸಿನದು ಅಂತ ಕೆಲವರು ಅನ್ನುತ್ತಾರೆ. ನಿಜವೇ?

ಉತ್ತರ: ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಬಾಸ್ಟನ್ನಿನ ಸಂಶೋಧಕರಾದ ಜೆರೆಮಿ ಷ್ಮಾಮನ್ ಮತ್ತು ಜಾನೆಟ್ ಶೆರ್ಮನ್ 1998ರಲ್ಲೇ, ಕಿರುಮೆದುಳಿಗಷ್ಟೇ ಕಾಯಿಲೆ ತಗುಲಿದ 20 ರೋಗಿಗಳಲ್ಲಿ ನೀವು ಹೇಳುವಂಥ ತೊಂದರೆಗಳನ್ನೇ ವಿವರಿಸಿದ್ದರು. ಹಿಂಭಾಗಕ್ಕೆ ಪೆಟ್ಟಾದವರಲ್ಲಿ ಅವು ಹೆಚ್ಚು ಎದ್ದು ಕಾಣುತ್ತಿದ್ದವು.

ಕಾರಣ ನರಗಳ ದಾರಿಯಲ್ಲಿದೆ. ಹಣೆಯ ಹಿಂದಿನ, ಯೋಜನೆ ಹಾಕುವ ಮೆದುಳಿನ ತೊಗಟೆಯಿಂದ ಹೊರಟ ಎಳೆಗಳು ಮೆದುಳುಕಾಂಡದ ಪಾನ್ಸ್‌ನಲ್ಲಿ ನರಕೋಶ ಬದಲಿಸಿ, ಅಡ್ಡ ದಾಟಿ, ಎದುರು ಬದಿಯ ಕಿರುಮೆದುಳು ಸೇರುತ್ತವೆ. ಅಲ್ಲಿಂದ ಕಿರುಮೆದುಳಿನ ಒಳಗಿನ ನರಕೋಶಗಳ ಗುಂಪಾದ ಡೆಂಟೇಟ್ ನ್ಯೂಕ್ಲಿಯಸ್, ಮೆದುಳಿನ ನಡುವಿನ ಥಲಾಮಸ್ ಮೂಲಕ ಮತ್ತೆ ಅದೇ ತೊಗಟೆಗೆ ವಾಪಸ್. ಈ ಸುತ್ತು ಊಹೆಯಲ್ಲ. ರೇಬೀಸ್ ವೈರಸ್ ನರದಿಂದ ನರಕ್ಕೆ ಹಿಮ್ಮುಖವಾಗಿ ಸಾಗುತ್ತದಲ್ಲ, ಅದನ್ನೇ ಕೆಲ್ಲಿ ಮತ್ತು ಸ್ಟ್ರಿಕ್ ಎಂಬ ಸಂಶೋಧಕರು ಕೋತಿಗಳಲ್ಲಿ ಬಳಸಿದರು. 2003ರ ಅವರ ವರದಿಯ ಪ್ರಕಾರ ಯೋಜನೆಯ ಜಾಗಕ್ಕೆ ಬಿಟ್ಟ ವೈರಸ್ ಕಿರುಮೆದುಳಿನ ಒಂದು ಭಾಗ ತಲುಪಿತು. ಕೈಕಾಲು ಆಡಿಸುವ ಜಾಗಕ್ಕೆ ಬಿಟ್ಟದ್ದು ಬೇರೆಯದೇ ಭಾಗ ಸೇರಿತು. ನಡಿಗೆ ಸರಿಹೋಗಿಯೂ ಲೆಕ್ಕ ತಪ್ಪಲು ಸಾಧ್ಯ ಅನ್ನುವುದು ಇದರಿಂದಲೇ. ಎಳೆಗಳು ಅಡ್ಡ ದಾಟುವುದರಿಂದ ಬಲ ಕಿರುಮೆದುಳಿನ ಜೋಡಿ ಎಡ ಮೆದುಳು. ಬಹುತೇಕರಲ್ಲಿ ಭಾಷೆ ಇರುವುದೂ ಅಲ್ಲೇ.

ಮಾಮೂಲಿ ನೆನಪಿನ ಪರೀಕ್ಷೆಯಲ್ಲಿ ಇದು ತಪ್ಪಿಹೋಗಬಹುದು. ದಿನಾಂಕ, ಊರು ಎಲ್ಲ ಸರಿಯಾಗಿ ಹೇಳಿಬಿಡುತ್ತಾರೆ. ‘ಕ’ದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷ ಹೇಳಿ ಅಂದಾಗ ‘ಕಲ್ಲು, ಕಮಲ, ಕತ್ತೆ’ ಅಂದು ನಿಂತುಬಿಡುತ್ತಾರೆ. ಹೀಗೆ ಪರೀಕ್ಷಿಸಬಲ್ಲ ನ್ಯೂರೋಸೈಕಾಲಜಿಸ್ಟ್ ನಿಮ್ಹಾನ್ಸ್‌ನಂಥ ಕಡೆ ಇರುತ್ತಾರೆ. ಸ್ಕ್ಯಾನ್ ರಿಪೋರ್ಟ್ ಜೊತೆಗೇ ಒಯ್ಯಿರಿ. ಖಿನ್ನತೆ, ಮಾತ್ರೆಗಳ ಅಡ್ಡಪರಿಣಾಮ, ಹೊಸ ಸ್ಟ್ರೋಕ್ ಇವುಗಳನ್ನೂ ನೋಡಿಸಲೇಬೇಕು.

ನೆಂಟರ ಮುಂದಿನ ಆ ಮಾತಿಗೆ ದಯವಿಟ್ಟು ಅವರನ್ನು ಗದರಬೇಡಿ. ಹಲವರಲ್ಲಿ ತಿಂಗಳುಗಳ ಮೇಲೆ ಇದು ಸುಧಾರಿಸುತ್ತದೆ, ಪೂರ್ತಿ ಅಲ್ಲದಿದ್ದರೂ. ಮಾತಿಗೆ ಸ್ಪೀಚ್ ಥೆರಪಿ ಶುರುಮಾಡಿಸಿ. ಅಂಗಡಿಯಿಂದ ಅವರನ್ನು ದೂರ ಇಡುವುದು ಬೇಡ. ಒಂದು ಸಲಕ್ಕೆ ಒಂದೇ ಕೆಲಸ ಕೊಡಿ, ಹಂತಗಳನ್ನು ಚೀಟಿಯಲ್ಲಿ ಬರೆದಿಡಿ. ಸಂಜೆಯ ಲೆಕ್ಕಕ್ಕೆ ಸದ್ಯ ನೀವೂ ಪಕ್ಕದಲ್ಲಿ ಕೂತುಕೊಳ್ಳಿ.